ಆನೆಗೆ ಪೋಸು ಕೊಡಲು ಬರಲಿಲ್ಲ

2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ನಡೆದ ಸೆಲ್ಫಿ ಪ್ರಸಂಗ ನೀವೂ ನೋಡಿದ್ದೀರಿ, ಎರಡು ಮೂರು ಸಲವಾದರೂ. ಗಾಡಿಯಿಂದ ಇಳಿದು ಕಾಡಾನೆಯ ಜೊತೆ ಸೆಲ್ಫಿಗೆ ಹೋದವನನ್ನು ಅದು ಅಟ್ಟಿಸಿಕೊಂಡು ಬಂದು ತುಳಿಯಿತು, ಅವನು ಹೇಗೋ ಬದುಕಿಕೊಂಡ. ನನಗೆ ಅದಕ್ಕಿಂತ ಹಿಡಿಸಿದ್ದು ಆಮೇಲಿನ ಭಾಗ. ಅವನಿಗೆ ಅರಣ್ಯ ಇಲಾಖೆಯಿಂದ 25,000 ರೂಪಾಯಿ ದಂಡ, ಜೊತೆಗೆ ತಪ್ಪಾಯ್ತು ಅಂತ ಇನ್ನೊಂದು ವಿಡಿಯೊ. ಕ್ಯಾಮೆರಾದಿಂದ ಬಂದ ರೋಗಕ್ಕೆ ಕ್ಯಾಮೆರಾದ್ದೇ ಮದ್ದು.

ನಿಜ ಹೇಳಬೇಕೆಂದರೆ ತಪ್ಪು ಆನೆಯದು. ಎರಡು ನಿಮಿಷ ಸುಮ್ನೆ ನಿಂತು, ಕಿವಿ ಅಗಲಿಸಿ, ಬೆಳಕಿನ ಕಡೆ ಮುಖ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು? ದಸರೆಯಲ್ಲಿ ನಮ್ಮ ಅಭಿಮನ್ಯು 750 ಕೆಜಿ ಅಂಬಾರಿ ಹೊತ್ತುಕೊಂಡೇ ಊರಿನವರ ಮೊಬೈಲಿಗೆಲ್ಲ ಮುಖ ಕೊಟ್ಟಿದ್ದಾನೆ. ಇದಕ್ಕೆ ಬೆನ್ನ ಮೇಲೆ ಭಾರವೂ ಇರಲಿಲ್ಲ, ಎದುರಿಗಿದ್ದವನು ಒಬ್ಬನೇ. ಕಾಡಿನಲ್ಲಿ ಬೆಳೆದದ್ದು ಅಲ್ವಾ, ಶಿಸ್ತು ಕಮ್ಮಿ.

ಆ ದಾರಿಯಲ್ಲಿ ಬೋರ್ಡುಗಳಿಗೇನೂ ಬರವಿಲ್ಲ. ಗಾಡಿ ನಿಲ್ಲಿಸಬೇಡಿ, ಇಳಿಯಬೇಡಿ, ಪ್ರಾಣಿಗಳಿಗೆ ತಿನ್ನಿಸಬೇಡಿ. ಇಷ್ಟನ್ನೂ ಓದಬೇಕಾದರೆ ಗಾಡಿ ನಿಲ್ಲಿಸಲೇಬೇಕು. ನಿಲ್ಲಿಸಿದ ಮೇಲೆ ಕಾಲು ಚಾಚದೆ ಹೇಗೆ? ಇಳಿದರೆ ಕೋತಿ ಬರುತ್ತದೆ, ಕೈಯಲ್ಲಿ ಚಿಪ್ಸ್ ಇರುತ್ತದೆ. ಒಮ್ಮೆ ನಮ್ಮ ಮುಂದಿದ್ದ ಕಾರಿನಿಂದ ಒಬ್ಬರು ಇಳಿದು, ಬೋರ್ಡಿಗೇ ಒರಗಿ, ಮಗುವಿನ ಕೈಯಲ್ಲಿ ಕೋತಿಗೆ ಬಿಸ್ಕತ್ತು ಕೊಡಿಸಿದರು. ‘ಹೆದರಬೇಡ ಪುಟ್ಟಾ, ಏನೂ ಮಾಡಲ್ಲ’ ಅಂತ ಧೈರ್ಯ ಬೇರೆ. ಯಾರು ಏನೂ ಮಾಡಲ್ಲ, ಕೋತಿಯೋ ಇಲಾಖೆಯೋ, ಗೊತ್ತಾಗಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಕಾಡಿನ ಮೌನ ಸವಿಯಲು ಬಂದವರು, ತಡವಾಗುತ್ತಿತ್ತು.

ಆದರೂ ಕಾಡಿಗೆ ನಾವು ಅನ್ಯಾಯ ಮಾಡಿಲ್ಲ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆ ಇದೆ. ಆಂಬುಲೆನ್ಸು, ಬೆರಳೆಣಿಕೆಯ ಬಸ್ಸು ಬಿಟ್ಟರೆ ಆ 9 ಗಂಟೆ ಪ್ರಾಣಿಗಳದ್ದು. ನಮಗೆ ಉಳಿದಿದ್ದು ಬರೀ 15. ಅದಕ್ಕೇ ಪಾಪ, ಆ 9 ಗಂಟೆಯನ್ನೂ ಬಿಟ್ಟುಕೊಡಿ ಎಂಬ ಕೂಗು ಆಗಾಗ ಏಳುತ್ತದೆ.

ಇಲ್ಲ, ತಮಾಷೆ ಸಾಕು. ಆನೆಗೆ ಕ್ಯಾರೆಟ್ಟಿನ ರುಚಿ ಹತ್ತಿಸಿದವರು ಯಾರು? ಲಾರಿಯಿಂದ ತರಕಾರಿ ಎಸೆದು ವಿಡಿಯೊ ಮಾಡಿಕೊಂಡವರು ನಾವೇ. ರುಚಿ ಹತ್ತಿದ ಮೇಲೆ ಅದು ರಸ್ತೆಗೆ ಬಂದು ನಿಲ್ಲುತ್ತದೆ. ನಿಂತರೆ ಪುಂಡಾನೆ. ಯಾರನ್ನಾದರೂ ತುಳಿದರೆ ಅರಿವಳಿಕೆ ಸೂಜಿ, ಹಗ್ಗ, ಕ್ರಾಲ್ ಅನ್ನೋ ಮರದ ದಿಮ್ಮಿಗಳ ಪಂಜರ. ಅಲ್ಲಿಗೆ ಅದರ ಕಾಡು ಮುಗಿಯಿತು. ಇಳಿದವನಿಗೆ 25,000, ಇದಕ್ಕೆ ಜೀವಾವಧಿ.

ತಪ್ಪಾಯ್ತು ಅಂತ ವಿಡಿಯೊ ಮಾಡೋಣವೆಂದರೆ ಅದರ ಹತ್ತಿರ ಮೊಬೈಲೂ ಇಲ್ಲ.