ಸಾಹೇಬರ ಪರವಾಗಿ 35 ಲಕ್ಷ ಸಹಿ

ಕ್ಷಮಾದಾನಕ್ಕೆ ಅರ್ಜಿ ಬರೆಯೋದು ದೊಡ್ಡ ವಿದ್ಯೆ ಏನಲ್ಲ. ತಪ್ಪಾಯಿತು, ಇನ್ನು ಮಾಡಲ್ಲ, ವಯಸ್ಸಾಗಿದೆ, ಬಿಪಿ ಇದೆ, ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡಿ ಅಂತ ನಾಲ್ಕು ಸಾಲು. ಕೆಳಗೆ ಒಂದು ಸಹಿ. 2009ರ ಆಗಸ್ಟ್ 17ರಂದು ಥಾಯ್ಲೆಂಡಿನ ರಾಜರಿಗೆ ಸಲ್ಲಿಕೆಯಾದ ಅರ್ಜಿಗೆ ಸುಮಾರು 35 ಲಕ್ಷ ಸಹಿ ಬಿದ್ದಿತ್ತು. ಶಿಕ್ಷೆಯಾದ ಮನುಷ್ಯನ ಸಹಿಯೊಂದು ಬಿಟ್ಟು.

ಆ ಮನುಷ್ಯ ಮಾಜಿ ಪ್ರಧಾನಿ ಥಾಕ್ಸಿನ್ ಶಿನವತ್ರ. ಟೆಲಿಫೋನ್ ವ್ಯಾಪಾರದಲ್ಲಿ ಕೋಟ್ಯಧೀಶರಾದವರು, ಬಡವರ ವೋಟಿನಲ್ಲಿ ಪ್ರಧಾನಿಯಾದವರು. 2006ರ ಸೆಪ್ಟೆಂಬರ್‌ನಲ್ಲಿ ಅವರು ವಿಶ್ವಸಂಸ್ಥೆಯ ಸಭೆಗೆ ಅಂತ ನ್ಯೂಯಾರ್ಕ್‌ಗೆ ಹೋಗಿದ್ದಾಗ ಇತ್ತ ಸೇನೆ ಟ್ಯಾಂಕ್ ತಂದು ಕುರ್ಚಿ ಕಿತ್ತುಕೊಂಡಿತು. ಆಮೇಲೆ ಕೇಸು. ಅವರ ಹೆಂಡತಿ 2003ರಲ್ಲಿ ಬ್ಯಾಂಕಾಕ್‌ನಲ್ಲಿ ಒಂದು ಸರ್ಕಾರಿ ಸಂಸ್ಥೆಯಿಂದ 77 ಕೋಟಿ ಬಾತ್ ಚಿಲ್ಲರೆ ಕೊಟ್ಟು ಜಮೀನು ಕೊಂಡಿದ್ದರು. ಕಾಗದಪತ್ರಕ್ಕೆ ಗಂಡನ ಒಪ್ಪಿಗೆ ಸಹಿ ಬೇಕಿತ್ತು. ಗಂಡ ಹಾಕಿದರು. ಗಂಡ ಆಗ ಪ್ರಧಾನಿ. 2008ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಜಮೀನು ಕೊಂಡ ಹೆಂಡತಿ ಖುಲಾಸೆ, ಸಹಿ ಹಾಕಿದ ಗಂಡನಿಗೆ ಎರಡು ವರ್ಷ ಜೈಲು. ಹೆಂಡತಿ ಹೇಳಿದ ಕಡೆ ಕಣ್ಣು ಮುಚ್ಚಿ ಸಹಿ ಹಾಕುವ ಗಂಡಸರೆಲ್ಲ ಈ ತೀರ್ಪನ್ನು ಒಮ್ಮೆ ಓದಿಕೊಳ್ಳಬೇಕು.

ತೀರ್ಪಿನ ದಿನ ಸಾಹೇಬರು ಊರಲ್ಲೇ ಇರಲಿಲ್ಲ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ ನೋಡಿ ಬರ್ತೀನಿ ಅಂತ ಹೋದವರು ವಾಪಸ್ ಬರುವುದನ್ನು ಮರೆತಿದ್ದರು. ಅಂದರೆ ಜೈಲು ಇತ್ತು, ಶಿಕ್ಷೆ ಇತ್ತು, ಕೈದಿ ಮಾತ್ರ ನಾಪತ್ತೆ. ತಾನು ತಪ್ಪು ಮಾಡಿದ್ದೇನೆ ಅಂತ ಅವರು ಒಪ್ಪಿರಲೂ ಇಲ್ಲ. ಇಂಥವರಿಗೆ ಕ್ಷಮೆ ಕೊಡಿ ಅಂತ ಕೆಂಪಂಗಿ ಬೆಂಬಲಿಗರು ಹಳ್ಳಿಹಳ್ಳಿಯಲ್ಲಿ ಫಾರಂ ಹಂಚಿದರು. ಮೊದಲು 50 ಲಕ್ಷ ದಾಟಿತು ಅಂದರು. ಜರಡಿ ಹಿಡಿದ ಮೇಲೆ 35 ಲಕ್ಷಕ್ಕೆ ನಿಂತಿತು. ಅಷ್ಟನ್ನೂ ಪೆಟ್ಟಿಗೆಗಳಲ್ಲಿ ತುಂಬಿ ಸನಾಮ್ ಲುವಾಂಗ್ ಮೈದಾನದಿಂದ ಅರಮನೆಗೆ ಮೆರವಣಿಗೆಯಲ್ಲಿ ಹೊತ್ತೊಯ್ದರು. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋದವರೆಲ್ಲ ಫೋಟೋ ತೆಗೆಸಿಕೊಂಡು ಬರ್ತಾರಲ್ಲ, ಅದೇ ಅರಮನೆ.

ಆಗಿನ ಪ್ರಧಾನಿ ಅಭಿಸಿತ್ ಅವರ ಸರ್ಕಾರಕ್ಕೆ ತಲೆ ಕೆಟ್ಟಿತು. ರಾಜರನ್ನು ರಾಜಕೀಯಕ್ಕೆ ಎಳೀಬೇಡಿ ಅಂದರು. ಕ್ಷಮಾದಾನ ಕೇಳುವ ಹಕ್ಕು ಶಿಕ್ಷೆಯಾದವರಿಗೆ, ಇಲ್ಲವೇ ಅವರಿಗೆ ಸಂಬಂಧಪಟ್ಟವರಿಗೆ ಮಾತ್ರ ಅಂತ ಕಾನೂನು ತೆಗೆದರು. ಸಂಬಂಧಪಟ್ಟವರು ಅಂದರೆ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು. ಹೆಂಡತಿಗೆ ಅಷ್ಟರಲ್ಲಿ ಡಿವೋರ್ಸ್ ಆಗಿತ್ತು. ಬೆಳೆದ ಮಕ್ಕಳು ಮೂವರಿದ್ದರು. ಅವರಲ್ಲಿ ಒಬ್ಬರು ಪೆನ್ನು ಹಿಡಿದಿದ್ದರೂ ಸಾಕಿತ್ತು ಅಂತ ಸರ್ಕಾರದವರು ಹೇಳಿದ್ದೇ ಹೇಳಿದ್ದು. ಆದರೆ ಮಗಳು ಸಹಿ ಹಾಕಿದರೆ ಅದು ಬರೀ ಅರ್ಜಿ. 35 ಲಕ್ಷ ಜನ ಹಾಕಿದರೆ ಅದು ಚುನಾವಣೆ. ಲೆಕ್ಕ ಗೊತ್ತಿದ್ದವರು ಯಾಕೆ ಮಗಳ ಕೈಗೆ ಪೆನ್ನು ಕೊಡ್ತಾರೆ?

ಸರ್ಕಾರವೂ ಸುಮ್ನೆ ಕೂರಲಿಲ್ಲ. ಹಾಕಿದ ಸಹಿಯನ್ನು ವಾಪಸ್ ಪಡೆಯಲು ಊರೂರಲ್ಲಿ ಮೇಜು ಹಾಕಿಸಿತು! ಒಂದು ಕ್ಷಣ ಆ ದೃಶ್ಯ ನೆನೆಸಿಕೊಳ್ಳಿ. ಒಬ್ಬ ಗುಮಾಸ್ತ, ಒಂದು ಮೇಜು, ಒಂದು ರಿಜಿಸ್ಟರ್. ಎದುರಿಗೆ ಒಬ್ಬ ರೈತ. 'ಸ್ವಾಮಿ, ಹೋದ ವಾರ ಕ್ಷಮಿಸಿ ಅಂತ ಸಹಿ ಹಾಕಿದ್ದೆ, ಈಗ ಬೇಡ ಅನ್ನಿಸ್ತಿದೆ.' 'ಸರಿ, ಬೇಡ ಅಂತ ಇಲ್ಲೊಂದು ಸಹಿ ಹಾಕಿ.' ರೇಷನ್ ಕಾರ್ಡಿಗೂ ಇಷ್ಟು ಚೆನ್ನಾಗಿ ಮೇಜು ಹಾಕಿ ಕರೆಯುವ ಸರ್ಕಾರ ಎಲ್ಲಾದರೂ ಉಂಟೇ? ಇದರ ಜೊತೆಗೆ ಕ್ಷಮೆ ಕೊಡಲೇಬೇಡಿ ಅನ್ನುವ ಎದುರು ಸಹಿ ಸಂಗ್ರಹ ಬೇರೆ. ಎರಡು ಕಡೆಯವರೂ ತಾವೇ ನಿಜವಾದ ರಾಜಭಕ್ತರು ಅಂತ ಎದೆ ತಟ್ಟಿಕೊಂಡರು. ರಾಜರಿಗೆ ಅಗೌರವ ತೋರಿದರೆ 3ರಿಂದ 15 ವರ್ಷ ಜೈಲು ಇರುವ ದೇಶದಲ್ಲಿ ಭಕ್ತಿ ಸ್ವಲ್ಪ ಜೋರಾಗಿಯೇ ಕೇಳಿಸಬೇಕು, ಅಲ್ವಾ?

ಕೊನೆಗೆ ಏನಾಯಿತು? ಅರ್ಜಿ ಅರಮನೆಗೆ ಹೋಯಿತು. ಅರಮನೆಯಿಂದ ಪರಿಶೀಲನೆಗೆ ಅಂತ ಸರ್ಕಾರಕ್ಕೆ ಬಂತು. ಯಾವ ಸರ್ಕಾರ? ಸಹಿ ವಾಪಸ್ ಪಡೀರಿ ಅಂತ ಮೇಜು ಹಾಕಿಸಿದ್ದ ಅದೇ ಸರ್ಕಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ದೇವರವರೆಗೂ ಹೋಗಿ ಬಂದ ಅರ್ಜಿ ಪೂಜಾರಿಯ ಮೇಜಿನ ಮೇಲೆ ಕೂತಿತು. 35 ಲಕ್ಷ ಸಹಿ, ಒಂದೊಂದಾಗಿ ತಾಳೆ ನೋಡಬೇಕಲ್ಲ. ನೋಡಿದರು, ನೋಡುತ್ತಲೇ ಇದ್ದರು.

ಈ ನಡುವೆ ಕ್ಷಮೆಗೆ ಕಾದಿದ್ದ ಸಾಹೇಬರು ಮಾಂಟೆನೆಗ್ರೊ ಪಾಸ್‌ಪೋರ್ಟ್ ಹಿಡಿದು ದೇಶ ಸುತ್ತುತ್ತಿದ್ದರು. ಸಾಹೇಬರನ್ನು ಅದೇ ವರ್ಷ ನವೆಂಬರ್‌ನಲ್ಲಿ ಪಕ್ಕದ ಕಾಂಬೋಡಿಯಾದ ಆಗಿನ ಪ್ರಧಾನಿ ಹುನ್ ಸೆನ್ ತಮ್ಮ ಸರ್ಕಾರದ ಆರ್ಥಿಕ ಸಲಹೆಗಾರರಾಗಿ ಮಾಡಿಕೊಂಡರು. ಬೇಲಿಯಾಚೆ ಕೆಲಸ ಸಿಕ್ಕಿದವರಿಗೆ ಬೇಲಿಯೀಚೆ ಜನ ಬಿಸಿಲಲ್ಲಿ ನಿಂತು ಸಹಿ ಹಾಕಿದ್ದರು. 2011ರಲ್ಲಿ ತಂಗಿ ಯಿಂಗ್ಲಕ್ ಪ್ರಧಾನಿಯಾದರು. 2013ರ ನವೆಂಬರ್ 1ರಂದು, ಊರೆಲ್ಲ ಮಲಗಿರುವ ನಸುಕಿನ ನಾಲ್ಕು ಗಂಟೆ ಹೊತ್ತಿಗೆ, ಅಣ್ಣನಿಗೂ ಅನ್ವಯವಾಗುವ ಕ್ಷಮಾದಾನ ಮಸೂದೆ ಕೆಳಮನೆಯಲ್ಲಿ 310-0 ಅಂತರದಲ್ಲಿ ಪಾಸಾಯಿತು. ಬೆಳಗಾದ ಮೇಲೆ ಜನ ಬೀದಿಗಿಳಿದರು, ಸೆನೆಟ್ ತಿರಸ್ಕರಿಸಿತು, ಮುಂದಿನ ಮೇ ತಿಂಗಳಲ್ಲಿ ಮತ್ತೆ ಟ್ಯಾಂಕ್ ಬಂತು.

2023ರ ಆಗಸ್ಟ್ 22ರಂದು ಸಾಹೇಬರು ಖಾಸಗಿ ಜೆಟ್‌ನಲ್ಲಿ ಬಂದಿಳಿದರು. ರಾಜ ರಾಣಿಯರ ಭಾವಚಿತ್ರಕ್ಕೆ ಅಡ್ಡಬಿದ್ದರು. ಹಳೆಯ ಬೇರೆ ಕೇಸುಗಳಲ್ಲಿ ಒಟ್ಟು ಎಂಟು ವರ್ಷ ಶಿಕ್ಷೆ ಅಂತ ಕೋರ್ಟ್ ಹೇಳಿತು. ಅದೇ ದಿನ ಅವರ ಪಕ್ಷದ ಸ್ರೆತ್ತಾ ಪ್ರಧಾನಿಯಾಗಿ ಆಯ್ಕೆಯಾದರು. ಮೊದಲ ರಾತ್ರಿ ಕಳೆಯುವ ಮುಂಚೆಯೇ ಸಾಹೇಬರಿಗೆ ಎದೆ ಬಿಗಿಯಿತು, ಬಿಪಿ ಏರಿತು, ಪೊಲೀಸ್ ಆಸ್ಪತ್ರೆಯ 14ನೇ ಮಹಡಿಗೆ ಸಾಗಿಸಿದರು. ಅಲ್ಲಿಂದ ಆಗಸ್ಟ್ 31ರಂದು ಅವರೇ ಖುದ್ದಾಗಿ ಅರ್ಜಿ ಹಾಕಿದರು. ಮಾರನೇ ದಿನ, ಹೌದು ಮಾರನೇ ದಿನ, ಎಂಟು ವರ್ಷ ಒಂದು ವರ್ಷಕ್ಕಿಳಿಯಿತು. ಅವರು ತಪ್ಪೊಪ್ಪಿಕೊಂಡು ಪಶ್ಚಾತ್ತಾಪ ಪಟ್ಟಿದ್ದಾರೆ, ವಯಸ್ಸಾಗಿದೆ, ಕಾಯಿಲೆಯಿದೆ ಅಂತ ಆದೇಶದಲ್ಲಿ ಬರೆದಿತ್ತು. ಮಹಡಿಯ ಮೇಲೆ ಹಾಸಿಗೆಯಲ್ಲಿ ಕೂತು ಪಟ್ಟ ಪಶ್ಚಾತ್ತಾಪ ಇರಬೇಕು. 35 ಲಕ್ಷ ಜನರಿಂದ ವರ್ಷಗಟ್ಟಲೆ ಆಗದ ಕೆಲಸ ಒಬ್ಬರಿಂದ ರಾತ್ರೋರಾತ್ರಿ ಆಯಿತು. 2009ರಲ್ಲಿ ಸಹಿ ಹಾಕಿದವರು ಈಗ ಯಾವ ಮೇಜಿಗೆ ಹೋಗಿ ವಾಪಸ್ ಪಡೀಬೇಕೋ!

ಆರು ತಿಂಗಳು ಆಸ್ಪತ್ರೆಯಲ್ಲೇ ಕಳೆದು 2024ರ ಫೆಬ್ರವರಿಯಲ್ಲಿ ಪೆರೋಲ್ ಮೇಲೆ ಹೊರಬಂದರು. ಕುತ್ತಿಗೆಗೆ ಪಟ್ಟಿ, ಕೈಗೆ ಜೋಲಿ. ಜೈಲಿನಲ್ಲಿ ಒಂದು ಪೂರ್ತಿ ರಾತ್ರಿಯೂ ಮಲಗಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಸ್ರೆತ್ತಾ ಕುರ್ಚಿ ಹೋಯಿತು. ಕಾರಣ ಕೇಳಿದರೆ ನಗು ಬರುತ್ತೆ. ಜಮೀನು ಕೇಸು ನಡೆಯುತ್ತಿದ್ದ 2008ರಲ್ಲಿ ಥಾಕ್ಸಿನ್ ಪರ ವಕೀಲರ ತಂಡದವರು ಕೋರ್ಟಿನಲ್ಲಿ ತಿಂಡಿ ಚೀಲವೊಂದನ್ನು ಕೊಟ್ಟು ಬಂದಿದ್ದರು. ಬಿಚ್ಚಿದರೆ ಒಳಗೆ 20 ಲಕ್ಷ ಬಾತ್ ನೋಟು. ಆ ಪ್ರಕರಣದಲ್ಲಿ ಆರು ತಿಂಗಳು ಜೈಲು ಕಂಡಿದ್ದ ವಕೀಲರನ್ನು ಸ್ರೆತ್ತಾ ಮಂತ್ರಿ ಮಾಡಿದ್ದರು. ನೀತಿ ತಪ್ಪಿತು ಅಂತ ಸಾಂವಿಧಾನಿಕ ಕೋರ್ಟ್ ಮನೆಗೆ ಕಳಿಸಿತು. ಅದೇ ಕೋರ್ಟ್ 2008ರಲ್ಲಿ ಇನ್ನೊಬ್ಬ ಪ್ರಧಾನಿ ಸಮಕ್ ಅವರನ್ನು ಟಿವಿಯಲ್ಲಿ ಅಡುಗೆ ಮಾಡಿದ್ದಕ್ಕೆ ಇಳಿಸಿತ್ತು. ಆ ದೇಶದಲ್ಲಿ ಕುರ್ಚಿಗೂ ತಿಂಡಿಗೂ ಏನೋ ಹಳೆಯ ದ್ವೇಷ.

ಸ್ರೆತ್ತಾ ಜಾಗಕ್ಕೆ ಬಂದವರು ಸಾಹೇಬರ ಕಿರಿಮಗಳು ಪೆತೊಂಗ್ತಾರ್ನ್. ಗಡಿ ಜಗಳದ ವೇಳೆ ಆಕೆ ಹುನ್ ಸೆನ್‌ಗೆ ಫೋನ್ ಮಾಡಿ ಅಂಕಲ್ ಅಂತ ಮಾತಾಡಿದ್ದು ಸೋರಿತು. ಅಪ್ಪನಿಗೆ ಕೆಲಸ ಕೊಟ್ಟಿದ್ದ ಅಂಕಲ್ ಕಡೆಯಿಂದಲೇ ಸೋರಿತು. 2025ರ ಆಗಸ್ಟ್ ಕೊನೆಯಲ್ಲಿ ಆಕೆಯ ಕುರ್ಚಿಯೂ ಹೋಯಿತು. ಹತ್ತು ಹನ್ನೊಂದು ದಿನದಲ್ಲೇ, ಸೆಪ್ಟೆಂಬರ್ 9ರಂದು, ಸುಪ್ರೀಂ ಕೋರ್ಟ್ ಅಪ್ಪನ ಆಸ್ಪತ್ರೆ ವಾಸದ ಕಡತ ಬಿಚ್ಚಿತು. ಬೆರಳಿನ ಆಪರೇಷನ್, ಭುಜದ ಆಪರೇಷನ್, ಇದಕ್ಕೆಲ್ಲ ಆರು ತಿಂಗಳು ಬೇಕಿರಲಿಲ್ಲ, 14ನೇ ಮಹಡಿಯ ದಿನಗಳು ಲೆಕ್ಕಕ್ಕಿಲ್ಲ, ಒಂದು ವರ್ಷ ಮೊದಲಿನಿಂದ ಶುರು ಅಂದಿತು. ಪಾಪ, ಮನೆಯ ಜಮೀನಿನಿಂದ ಅರಮನೆಯ ಅರ್ಜಿಯವರೆಗೆ ಅಷ್ಟು ಸಹಿ ಹಾಕಿದ ಬೆರಳಿಗೆ ಒಂದು ಆಪರೇಷನ್ನೂ ಬೇಡವಾ? ಅಂದೇ ಕ್ಲೋಂಗ್ ಪ್ರೇಮ್ ಜೈಲಿಗೆ ಒಯ್ದರು. ಈ ಸಲ ಎದೆ ಬಿಗಿಯಲಿಲ್ಲ.