ಹುಲ್ಲಿನ ಮೇಲೆ ಕೂತೋರಿಗೂ ಸರಿಯಾಗಿ ಕೇಳ್ಬೇಕು

ಚಿಕಾಗೋಗೆ ಬಂದ ಮೊದಲ ಬೇಸಿಗೇಲಿ ಮಿಲೆನಿಯಂ ಪಾರ್ಕಿನ ಬಯಲು ಸಂಗೀತ ವೇದಿಕೆ ಪ್ರಿಟ್ಜ್ಕರ್ ಪೆವಿಲಿಯನ್‌ಗೆ ಜಮಖಾನ, ಪುಳಿಯೋಗರೆ ಡಬ್ಬಿ ತಗೊಂಡು ಹೋಗಿದ್ವಿ, ಸ್ಟೇಜ್ ಎಲ್ಲೋ ದೂರ, ಆದ್ರೂ ಪಿಟೀಲಿನ ಸಣ್ಣ ಎಳೆ ಕೂಡ ಕಿವಿ ಪಕ್ಕದಲ್ಲೇ ನುಡಿಸ್ದಂಗೆ ಕೇಳ್ತು. ತಲೆ ಎತ್ತಿದ್ರೆ ಇಡೀ ಹುಲ್ಲುಹಾಸಿನ ಮೇಲೆ ಸ್ಟೀಲ್ ಪೈಪಿನ ಚಪ್ಪರ, ಅದಕ್ಕೆ ಅಲ್ಲಲ್ಲಿ ನೇತುಹಾಕಿರೋ ಸ್ಪೀಕರ್. ಹಿಂದಿನ ಸ್ಪೀಕರ್‌ಗಳ ಸದ್ದನ್ನ ಒಂಚೂರು ತಡವಾಗಿ ಬಿಡ್ತಾರೆ, ಹಂಗಾಗಿ ಸಂಗೀತ ಸ್ಟೇಜ್ ಕಡೆಯಿಂದ್ಲೇ ಬಂದಂಗಿರುತ್ತೆ. ಮುಂದೆ 4,000 ಸೀಟು, ಹಿಂದೆ ಹುಲ್ಲಿನ ಮೇಲೆ 7,000 ಜನಕ್ಕೆ ಜಾಗ. ಇಷ್ಟೆಲ್ಲಾ ಖರ್ಚು ಮಾಡಿರೋದು ಹಿಂದೆ ಫ್ರೀಯಾಗಿ ಕೂರೋ ನಮ್ಮಂಥೋರಿಗೆ!

ಈ ಜಾಗ ಸುಮ್ನೆ ಉಳಿದಿದ್ದಲ್ಲ. ಮಿಶಿಗನ್ ಸರೋವರದ ದಂಡೆಯ ಈ ಬಯಲು ಎಲ್ಲರಿಗೂ ಸೇರಿದ್ದು, ಕಟ್ಟಡ ಕಟ್ಟಬಾರ್ದು ಅಂತ 1836ರ ನಕ್ಷೇಲೇ ಬರೆದಿದ್ರು. ಅದನ್ನ ಮರೆತು ಕಟ್ಟೋಕೆ ಹೊರಟಾಗ, ಅಂಚೆ ಮೂಲಕ ಸಾಮಾನು ಮಾರ್ತಿದ್ದ ವ್ಯಾಪಾರಿ ಮಾಂಟ್ಗೊಮೆರಿ ವಾರ್ಡ್ 1890ರಿಂದ ಸುಮಾರು 20 ವರ್ಷ ಕೋರ್ಟಲ್ಲಿ ಹೊಡೆದಾಡಿ ಆ ಮಾತು ಉಳಿಸಿದ. 1931ರಲ್ಲಿ ಪಕ್ಕದ ಗ್ರಾಂಟ್ ಪಾರ್ಕಲ್ಲಿ ಸಂಗೀತದ ಸ್ಟೇಜ್ ಬಂತು. ಕೆಲಸ ಇಲ್ದೆ ಜನ ಒದ್ದಾಡ್ತಿದ್ದ 1935ರಲ್ಲಿ ಸಂಗೀತಗಾರರ ಯೂನಿಯನ್ ಮುಖಂಡ ಜೇಮ್ಸ್ ಪೆಟ್ರಿಲೊ ಅಲ್ಲಿ ಫ್ರೀ ಕಚೇರಿ ಶುರು ಮಾಡಿಸಿದ, ವಾದ್ಯದೋರಿಗೂ ಸಂಪಾದನೆ ಆಯ್ತು. ಆ ಉತ್ಸವ ಇವತ್ತಿಗೂ ನಡೀತಿದೆ, 2004ರಿಂದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸದ ಈ ಪೆವಿಲಿಯನ್‌ನಲ್ಲಿ. ಹಳೇ ನಿಯಮ ಅಡ್ಡ ಬರುತ್ತೆ ಅಂತ ಇದನ್ನ ಕಟ್ಟಡ ಅನ್ನದೆ ಕಲಾಕೃತಿ ಅಂತ ಲೆಕ್ಕ ಹಾಕಿದ್ರು.

ರಸಿಕತೆ ಮಾತ್ರ ನಮ್ಮಲ್ಲೇ ಜಾಸ್ತಿ ಅಂತೀನಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರೀನ ಅಪ್ಪನ ಜೊತೆ ಹೊರಗೆ ರಸ್ತೇಲಿ ನಿಂತು ಕೇಳಿದೋನು ನಾನು, ಪಕ್ಕದಲ್ಲಿ ಗುರುತಿಲ್ಲದೋರು ತೊಡೆ ಮೇಲೆ ತಾಳ ಹಾಕ್ತಾ ಭಲೇ ಅಂತಿದ್ರು. ಇಲ್ಲಿ ಹುಲ್ಲಿನ ಮೇಲೆ ವೈನು, ಮಾತುಕತೆನೂ ನಡೀತಿರುತ್ತೆ. ಆದ್ರೆ ನಮ್ಮೂರ ಎಷ್ಟೋ ಬಯಲು ಕಚೇರೀಲಿ ಸ್ಟೇಜ್ ಪಕ್ಕ ಎರಡು ದೊಡ್ಡ ಬಾಕ್ಸ್ ಇಟ್ಟು ವಾಲ್ಯೂಮ್ ಏರಿಸಿಬಿಡ್ತಾರೆ, ಮುಂದಿನೋರ ಕಿವಿ ಗುಂಯ್ ಅನ್ನುತ್ತೆ, ಹಿಂದಿನೋರಿಗೆ ಸಾಹಿತ್ಯವೇ ತಿಳಿಯಲ್ಲ. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಆಗ್ಲಿ, ಬೀದಿ ಪೆಂಡಾಲ್ ಆಗ್ಲಿ, ಗೆಹ್ರಿ ಬೇಡ, ಕೋಟಿಗಟ್ಟಲೆ ದುಡ್ಡೂ ಬೇಡ, ನಾಲ್ಕು ಕಂಬಕ್ಕೆ ನಾಲ್ಕು ಸಣ್ಣ ಸ್ಪೀಕರ್ ಕಟ್ಟಿ ಸದ್ದನ್ನ ಹೊಂದಿಸಲಿ. ಕಚೇರಿಗೆ ಮುಂಚೆ ಕಮಿಟಿಯೋರು ಹಿಂದಿನ ಗೇಟ್ ಹತ್ರ ನಿಂತು ತಂಬೂರಿ ಕೇಳುತ್ತಾ ಅಂತ ಒಂದ್ಸಲ ನೋಡ್ಲಿ.