ಕೊನೇ ಅಕ್ಷರ ಬಾಕಿ

ಉಂಬಳ, ಅದೇ ನೆಲದ ಜಿಗಣೆ, ಕಚ್ಚಿ ಮೂರು ದಿನವಾಯಿತು. ಎಡಗಾಲಿನ ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಬಿಂದಿ ಗಾತ್ರದ ಗಾಯ. ಇದನ್ನು ಬರೆಯುವಾಗಲೂ ಬಲಗಾಲಿನ ಹೆಬ್ಬೆರಳಿಂದ ಅದನ್ನು ಕೆರೆಯುತ್ತಲೇ ಇದ್ದೇನೆ. ಮಲೆನಾಡಿನವರಿಗೆ ಉಂಬಳ ಹೊಸದೇನಲ್ಲ. ಗದ್ದೆಯಲ್ಲಿ ಕಚ್ಚಿದರೆ ಅದು ಕೆಲಸದ ಲೆಕ್ಕ, ತೋಟದಲ್ಲಿ ಕಚ್ಚಿದರೆ ಆಸ್ತಿಯ ಲೆಕ್ಕ. ಆದರೆ ತಲೆಗೆ ಇನ್ನೂರು ರೂಪಾಯಿ ಕೊಟ್ಟು, ಭಾನುವಾರದ ನಿದ್ದೆ ಬಿಟ್ಟು, ಇತಿಹಾಸ ಕೇಳಲು ಹೋಗಿ ಕಚ್ಚಿಸಿಕೊಂಡರೆ ಅದನ್ನು ಯಾವ ಲೆಕ್ಕಕ್ಕೆ ಬರೆಯೋದು?

ತಪ್ಪು ಉಂಬಳದ್ದಲ್ಲ. ನಡೆಯುತ್ತಲೇ ಇದ್ದರೆ ಅದು ಹತ್ತುವುದು ಕಡಿಮೆ, ನಿಂತರೆ ಹತ್ತುತ್ತದೆ. ನಾವು ನಿಂತಿದ್ದೆವು. ಹದಿನೇಳು ಜನ, ಸುರಿಯುವ ಮಳೆಯಲ್ಲಿ, ಒಂದು ಅಕ್ಷರಕ್ಕಾಗಿ ನಿಂತಿದ್ದೆವು.

ವಾಟ್ಸಾಪ್‌ನಲ್ಲಿ ಬಂದ ಆಮಂತ್ರಣದಲ್ಲಿ ‘ಬಿದನೂರು ನಗರ ಪಾರಂಪರಿಕ ನಡಿಗೆ, ಕೇವಲ ಒಂದೂವರೆ ಗಂಟೆ’ ಅಂತ ಇತ್ತು. ‘ಕೇವಲ’ ನೋಡಿದ ಕೂಡಲೇ ನಾನು ಎಚ್ಚರವಾಗಬೇಕಿತ್ತು. ಸೀರೆ ಅಂಗಡಿಯಲ್ಲೂ ಹಲ್ಲಿನ ಡಾಕ್ಟರ ಹತ್ತಿರವೂ ಇದೇ ಪದ ಕೇಳಿ ಕೆಟ್ಟವಳು ನಾನು. ಆದರೆ ಇವರು ಹಠ ಹಿಡಿದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ವಯಸ್ಸು ಐವತ್ತೆರಡಾದರೂ ನಗರ ಅನ್ನುವ ಈ ಊರಿನ ಕೋಟೆ ಹತ್ತಿಲ್ಲವಂತೆ. ಕೊಲ್ಲೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡಿದ್ದೇ ಕಂಡಿದ್ದು. ಅದೂ ವಾಂತಿ ಬಂದು ಕಿಟಕಿ ತೆಗೆದಿದ್ದಕ್ಕೆ.

ಸೆಪ್ಟೆಂಬರಿನ ಬೆಳಿಗ್ಗೆ ಆರು ಗಂಟೆಗೆ ಶಿವಮೊಗ್ಗದಿಂದ ಟಿ.ಟಿ. (ಟೆಂಪೋ ಟ್ರಾವೆಲರ್) ಹೊರಟಿತು. ಹೊಸನಗರದಲ್ಲಿ ಇಡ್ಲಿ ಮುಗಿಸಿ ನಗರ ತಲುಪುವಾಗ ಮಳೆ ಹಿಡಿದಿರಲಿಲ್ಲ, ಬಿಟ್ಟೂ ಇರಲಿಲ್ಲ. ಕೋಟೆಯ ಕೆಳಗೆ ನಮ್ಮ ಮಾರ್ಗದರ್ಶಕರು ಕಾದಿದ್ದರು. ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಬರಿಗಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಅಂಗಿಯ ಕಾಲರಿಗೆ ಹಿಂದಿನಿಂದ ನೇತುಹಾಕಿದ ಮರದ ಹಿಡಿಯ ಕೊಡೆ. ಮಾತಾಡುವಾಗ ಬಲಗೈಯ ಹೆಬ್ಬೆರಳು ತೋರುಬೆರಳು ಕೂಡಿಸಿ, ಸೀಮೆಸುಣ್ಣ ಹಿಡಿದ ಹಾಗೆ ಗಾಳಿಯಲ್ಲಿ ಬರೆಯುತ್ತಿದ್ದರು. ಹದಿನೇಳು ಬೂಟು ಸಾಕ್ಸುಗಳ ಜೋಡಿಯನ್ನು ಕನಿಕರದಿಂದ ನೋಡಿ, “ಉಪ್ಪು ತಂದಿದೀರಾ?” ಅಂದರು. ಯಾರೂ ತಂದಿರಲಿಲ್ಲ. “ಹಾಗಾದ್ರೆ ರಕ್ತ ತಂದಿದೀರಿ” ಅಂದು ಹೊರಟೇಬಿಟ್ಟರು.

ಮೊದಲ ಐದು ನಿಮಿಷದಲ್ಲೇ ಕಾಯಿಲೆ ಏನು ಅಂತ ಗೊತ್ತಾಯಿತು.

“ಇಲ್ಲೆಲ್ಲ ಬಿದಿರು ಜಾಸ್ತಿ ಇತ್ತು. ಹಾಗಾಗಿ ಬಿದನೂ…?”

ನಿಂತರು. ನಮ್ಮ ಮುಖ ನೋಡಿದರು. ಹುಬ್ಬು ಮೇಲೇರಿತು.

“ರು!” ಅಂತ ಹಿಂದಿನಿಂದ ಯಾರೋ ಅಂದರು.

“ರು. ಅದೇ ಸಂಸ್ಕೃತಕ್ಕೆ ಹೋಗಿ ವೇಣುಪು…?”

“ರ!”

“ರ. ಕೆಳದಿ ಅರಸರ ರಾಜಧಾನಿ ಇಕ್ಕೇರಿಯಿಂದ ಇಲ್ಲಿಗೆ ಬಂತು, 1639ರ ಸುಮಾರಿಗೆ, ತಂದವರು ವೀರಭದ್ರನಾಯ…?”

“ಕ!”

ನಿಮಗೆ ಇದು ಗೊತ್ತು. ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಹೀಗೆಯೇ ಓದಿದ್ದು. ಮೇಷ್ಟ್ರು ಮುಕ್ಕಾಲು ಪದ ಹೇಳುವುದು, ಕಾಲು ಪದ ನಾವು ಕೂಗುವುದು. ಇಡೀ ಭೂಗೋಳ, ವಿಜ್ಞಾನ, ಸ್ವಾತಂತ್ರ್ಯ ಹೋರಾಟ ಎಲ್ಲವೂ ನಮ್ಮ ತಲೆಗೆ ಹೋಗಿರುವುದು ಕೊನೆಯ ಅಕ್ಷರದಿಂದಲೇ. ಆದರೆ ಆಗ ನಮಗೆ ಹತ್ತು ವರ್ಷ, ತಲೆಯ ಮೇಲೆ ಹೆಂಚು ಇತ್ತು. ಈಗ ಮಂಡಿ ನೋವು, ಬಿ.ಪಿ., ಸೋಮವಾರದ ಕೆಲಸ ಎಲ್ಲ ಹೊತ್ತುಕೊಂಡು ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಒಂಟಿಕಾಲಲ್ಲಿ ನಿಂತು ‘ಕ’ ಅನ್ನಬೇಕು. ಅನ್ನದಿದ್ದರೆ ಅವರು ಮುಂದೆ ಹೋಗುವುದಿಲ್ಲ.

ನನಗಿಂತ ಹೆಚ್ಚು ಆಶ್ಚರ್ಯವಾಗಿದ್ದು ಇವರನ್ನು ನೋಡಿ. ಮದುವೆಯಾಗಿ ಇಪ್ಪತ್ತೈದು ವರ್ಷ. “ಕಾಫಿ ಬೇಕಾ?” ಅಂತ ಮೂರು ಸಲ ಕೇಳಿದರೂ ಉತ್ತರ ಬರದ ಬಾಯಿ ಅದು. ಆ ಬಾಯಿ ಇಲ್ಲಿ ಮೇಷ್ಟ್ರು ಪದ ಮುರಿಯುವ ಮೊದಲೇ ತೆರೆದು ನಿಲ್ಲುತ್ತಿತ್ತು. ಹತ್ತು ನಿಮಿಷದಲ್ಲಿ ಗುಂಪನ್ನು ಸೀಳಿಕೊಂಡು ಮುಂದಿನ ಸಾಲಿಗೆ ಹೋದರು. ಶಾಲೆಯಲ್ಲಿ ಕೊನೆಯ ಬೆಂಚಿನವರಂತೆ, ನಮ್ಮ ಅತ್ತೆ ಹೇಳುತ್ತಿದ್ದರು. ನಲವತ್ತು ವರ್ಷದ ಸೇಡು ತೀರಿಸಿಕೊಳ್ಳುವ ಹಾಗೆ ಕೂಗುತ್ತಿದ್ದರು.

“1763ರಲ್ಲಿ ಇದನ್ನು ಗೆದ್ದವನು ಹೈದರಾ…?”

“ಲಿ!” ಇವರು.

“ಗೆದ್ದು ಹೈದರ್‌ನಗ…?”

“ರ!” ಮತ್ತೆ ಇವರೇ. ಪಕ್ಕದಲ್ಲಿದ್ದ ಬ್ಯಾಂಕ್ ಮ್ಯಾನೇಜರೊಬ್ಬರು ಅಸೂಯೆಯಿಂದ ನೋಡಿದರು.

ಆತುರಕ್ಕೆ ಶಿಕ್ಷೆಯೂ ಆಯಿತು. ಮೇಲೆ ಹತ್ತಿ ಕೋಟೆಗೋಡೆಯ ದುಂಡು ಮೂಲೆಗೆ ಬಂದಾಗ ಮೇಷ್ಟ್ರು ಕೊಡೆಯ ತುದಿಯಿಂದ ತೋರಿಸಿ, “ಫಿರಂಗಿ ಇಡ್ಲಿಕ್ಕೆ, ದೂರ ನೋಡ್ಲಿಕ್ಕೆ ಕಟ್ಟಿದ ಇದಕ್ಕೆ ಏನಂತಾರೆ? ಬುರು…?” ಅಂದರು.

“ಡೆ!” ಅಂದರು ಇವರು, ಕೋಟೆ ನಡುಗುವ ಹಾಗೆ.

ಮೇಷ್ಟ್ರು ಒಂದು ಕ್ಷಣ ಕಣ್ಣು ಮುಚ್ಚಿದರು. “ಬುರುಡೆ ನೀವು ಬಿಡ್ತಾ ಇರೋದು. ಇದು ಬುರುಜು.” ಹದಿನಾರು ಜನ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜಾಸ್ತಿಯೇ. ಅದರ ಪರಿಣಾಮ ಮನೆಯಲ್ಲಿ ಇನ್ನೂ ಇದೆ.

ಶಿಸ್ತಿನ ಶಿವಪ್ಪನಾಯಕನ ವಿಷಯ ಬಂದಾಗ ಮಾತ್ರ ಇವರು ಅಕ್ಷರ ಬಿಟ್ಟು ಪ್ರಶ್ನೆ ಕೇಳಿದರು. 1645ರಿಂದ 1660ರವರೆಗೆ ಆಳಿದವನು. ಶಿಸ್ತು ಅಂದರೆ ಕೈಕಟ್ಟಿ ಸಾಲಲ್ಲಿ ನಿಲ್ಲುವುದು ಅಂತ ನಾವು ತಿಳಿದಿದ್ದೆವು. ಅಲ್ಲ, ಅದು ಕಂದಾ…? ಯ. ಊರೂರಲ್ಲಿ ಒಂದೊಂದು ಬಗೆಯ ಒಂದೊಂದು ಗದ್ದೆಯನ್ನು ಐದು ವರ್ಷ ಸರ್ಕಾರವೇ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಬರೆದಿಟ್ಟು, ಸರಾಸರಿ ತೆಗೆದು, ಅದರ ಮೂರನೇ ಒಂದು ಪಾಲನ್ನು ತೆರಿಗೆ ಅಂತ ಗೊತ್ತು ಮಾಡಿದ್ದಂತೆ. “ಕೊಳೆರೋಗ ಬಂದ ವರ್ಷ ಏನ್ ಮಾಡೋದು ಮೇಷ್ಟ್ರೇ?” ಅಂದರು ಇವರು, ಮುನ್ನೂರೈವತ್ತು ವರ್ಷ ಹಿಂದಿನ ತೆರಿಗೆ ನೋಟೀಸು ಈಗಲೇ ಕೈಗೆ ಬಂದ ಹಾಗೆ. “ಅದಕ್ಕೇ ಅಲ್ವ ಮಾರಾಯ್ರೇ ಐದು ವರ್ಷದ ಸರಾಸ…?”

“ರಿ” ಅಂದರು ಇವರು, ಮೆಲ್ಲಗೆ. ಒಪ್ಪಿಕೊಂಡಿದ್ದೋ ಅಕ್ಷರ ತುಂಬಿದ್ದೋ ತಿಳಿಯಲಿಲ್ಲ.

ಅಕ್ಕ-ತಂಗಿ ಕೊಳದ ಹತ್ತಿರ ಐದೇ ನಿಮಿಷ ನಿಂತೆವು. ಅಲ್ಲಿ ಹನ್ನೊಂದು ಜನ ಸೆಲ್ಫಿ ತೆಗೆದರು, ಇಬ್ಬರು ಜಾರಿದರು. ಅರಮನೆ ಇದ್ದ ಜಾಗದಲ್ಲಿ ಹುಲ್ಲು ಮೊಣಕಾಲೆತ್ತರ. ಲಕ್ಷ ಮನೆಗಳಾದರೆ ಊರಿಗೆ ‘ನಗರ’ ಅನ್ನುವ ಪಟ್ಟ ಸಿಗುತ್ತಿತ್ತಂತೆ, ಬಿದನೂರು ಅದರ ಹತ್ತಿರಕ್ಕೆ ಬಂದಿತ್ತಂತೆ. ಅಲ್ಲಿಂದ ಕೆಳಗೆ ನೋಡಿದರೆ ಈಗ ಕಾಣುವುದು ಒಂದು ಕೆರೆ, ಒಂದಿಷ್ಟು ಹೆಂಚಿನ ಮನೆ, ನಮ್ಮ ಟಿ.ಟಿ., ಅದರ ಬಾನೆಟ್ ಮೇಲೆ ಮಲಗಿದ್ದ ನಾಯಿ. ಪಟ್ಟ ಮಾತ್ರ ಉಳಿದುಕೊಂಡಿದೆ.

ಅಲ್ಲೇ ಮಳೆ ಬಂದದ್ದು. ಬಂತು ಅಂದರೆ ಹುಲಿಕಲ್ ಘಟ್ಟದ ಕಡೆಯಿಂದ ಸದ್ದು ಮೊದಲು ಬಂದು, ಆಮೇಲೆ ಬಿಳಿ ಪರದೆ ಎಳೆದ ಹಾಗೆ ಬಂತು. ಓಡೋಣ ಅಂದರೆ ಮೇಷ್ಟ್ರು ಆಗಷ್ಟೇ ಒಂದು ವಾಕ್ಯದ ನಡುವೆ ಇದ್ದರು.

“1623ರಲ್ಲಿ, ವೆಂಕಟಪ್ಪನಾಯಕರ ಕಾಲದಲ್ಲಿ, ಇಟಲಿಯಿಂದ ಇಕ್ಕೇರಿಗೆ ಒಬ್ಬ ಪ್ರವಾಸಿ ಬಂದ. ಅವನ ಹೆಸರು ಪಿಯೆತ್ರೋ ದೆಲ್ಲಾ ವಾ…?”

ಮೌನ. ಮಳೆ.

ಕಾಲರಿನಿಂದ ಕೊಡೆ ತೆಗೆದು ಬಿಚ್ಚಿ, ಹುಬ್ಬು ಮೇಲೇರಿಸಿ ನಿಂತರು. ಅವರು ನೆನೆಯುತ್ತಿರಲಿಲ್ಲ. ನಾವು ಹದಿನೇಳು ಜನ ಐದು ಕೊಡೆಗಳ ಕೆಳಗೆ ಜೇನುಗೂಡಿನ ಹಾಗೆ ಅಂಟಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು.

“ದೆಲ್ಲಾ ವಾ…?”

“ವಾವ್?” ಅಂದಳು ಇಂಜಿನಿಯರಿಂಗ್ ಓದುವ ಹುಡುಗಿ. ಇಲ್ಲ. “ವಾಸು?” ಅಂದರು ಬ್ಯಾಂಕ್ ಮ್ಯಾನೇಜರು. ಇಟಲಿಯವನಿಗೆ ವಾಸು! ಯಾರೋ ಗೂಗಲ್ ಮಾಡಲು ಮೊಬೈಲು ತೆಗೆದರೆ ಟವರೇ ಇಲ್ಲ. ಇವರು ಬುರುಡೆಯ ಅವಮಾನ ತೊಳೆದುಕೊಳ್ಳಲು ಇದೇ ಸಮಯ ಅಂತ ಕ್ರಮವಾಗಿ ಶುರುಮಾಡಿದರು: “ವಾಕ? ವಾಖ? ವಾಗ?” ಕನ್ನಡದಲ್ಲಿ ಎಷ್ಟು ವ್ಯಂಜನಗಳಿವೆ, ಪ್ರತಿಯೊಂದಕ್ಕೂ ಎಷ್ಟು ಕಾಗುಣಿತ ಅಂತ ನಾನು ಯೋಚಿಸಿದ್ದು ಆಗಲೇ. ‘ಚ’ಕ್ಕೆ ಬರುವಷ್ಟರಲ್ಲಿ ನನ್ನ ಬೂಟಿನೊಳಗೆ ತಣ್ಣಗೆ ಏನೋ ಹರಿದ ಹಾಗಾಯಿತು. ನೀರು ಅಂದುಕೊಂಡೆ.

“ನೀವೇ ಹೇಳಿಬಿಡಿ ಮೇಷ್ಟ್ರೇ” ಅಂದೆ, ತೀರಾ ಸಿಟ್ಟು ಬಂದು.

“ನಾನು ಹೇಳಿದ್ರೆ ನೆನಪಿರೋದಿಲ್ಲಮ್ಮ. ಒಂದು ಸುಳಿವು ಕೊಡ್ತೇನೆ. ಮಗ್ಗಿ ಹೇಳುವಾಗ ಸಾಲು ಸಾಲಿಗೂ ಬರ್ತದೆ ಆ ಅಕ್ಷರ.”

“ಒಂದು?” ಅಂದರು ಇವರು. ದೆಲ್ಲಾ ವಾಒಂದು.

ಎಷ್ಟು ಹೊತ್ತು ನಿಂತಿದ್ದೆವೋ ದೇವರಿಗೇ ಗೊತ್ತು. ಹಿಂದೆ ಒಂದೇ ಕೊಡೆಯಲ್ಲಿ ಇಬ್ಬರು ಕಾಲೇಜು ಹುಡುಗರು ಗುದ್ದಾಡುತ್ತಿದ್ದರು. ಅವರಲ್ಲಿ ಒಬ್ಬನ ಬೆನ್ನಿಗೆ ನೀರು ಧಾರೆಯಾಗಿ ಇಳಿದು, ಅವನು ಸಹನೆ ಮೀರಿ ಕಿರುಚಿದ:

“ಲೇ! ಈ ಕಡೆ ಹಿಡಿಯೋ ಕೊಡೇನ!”

“ಶಭಾಷ್!” ಅಂದರು ಮೇಷ್ಟ್ರು. “ಲೆ! ದೆಲ್ಲಾ ವಾಲೆ!” ಮುಖದಲ್ಲಿ ದೀಪ ಹಚ್ಚಿದ ಹಾಗೆ ಬೆಳಕು. ಹುಡುಗನಿಗೆ ತಾನು ಏನು ಗೆದ್ದೆ ಅಂತ ಗೊತ್ತಾಗಲಿಲ್ಲ. ಇವರು ಮಾತ್ರ ಅವನನ್ನು ಸಂಜೆವರೆಗೂ ಮಾತಾಡಿಸಲಿಲ್ಲ.

ಗಮನಿಸಿ, ಆ ಪುಣ್ಯಾತ್ಮ ಬಂದಿದ್ದು ಇಕ್ಕೇರಿಗೆ. ಆಗ ಬಿದನೂರು ರಾಜಧಾನಿಯೇ ಆಗಿರಲಿಲ್ಲ. ಬಾರದ ಊರಿನಲ್ಲಿ ಅವನ ಹೆಸರಿನ ಬಾಲಕ್ಕೆ ನಾವು ನೆನೆದು ತೊಪ್ಪೆಯಾಗಿದ್ದೆವು. ಇದನ್ನು ಹೇಳಿಯೇ ಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು ಗೋಡೆಯ ಮರೆಗೆ ಕರೆದುಕೊಂಡು ಹೋಗಿ ಮುಂದುವರಿಸಿದರು, ಈ ಸಲ ಒಂದೂ ಪದ ಮುರಿಯದೆ.

ಆ ದೆಲ್ಲಾ ವಾಲೆ ಇಕ್ಕೇರಿಗೆ ಬರುವ ದಾರಿಯಲ್ಲಿ, ಘಟ್ಟದ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ಕು ಮಕ್ಕಳನ್ನು ಕಂಡನಂತೆ. ನೆಲದ ಮೇಲೆ ನುಣ್ಣನೆ ಮರಳು ಹರಡಿಕೊಂಡು, ಬೆರಳಲ್ಲಿ ಅಂಕಿ ಬರೆಯುತ್ತ, ನಾಲ್ವರೂ ಒಂದೇ ರಾಗದಲ್ಲಿ ಲೆಕ್ಕ ಹಾಡುತ್ತಿದ್ದರಂತೆ. ಮರಳು ತುಂಬಿದರೆ ಅಳಿಸಿ, ಹೊಸ ಮರಳು ಹಾಕಿ, ಮತ್ತೆ. ಮೇಷ್ಟ್ರು ಯಾರೂ ಇರಲಿಲ್ಲ. ಹೇಳಿಕೊಡುವವರಿಲ್ಲದೆ ಮರೆತರೆ ಏನು ಮಾಡ್ತೀರಿ ಅಂತ ಅವನು ಕೇಳಿದ್ದಕ್ಕೆ, ನಾಲ್ಕೂ ಜನ ಒಂದೇ ಜಾಗದಲ್ಲಿ ಮರೆಯೋದಿಲ್ಲವಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಅಂದರಂತೆ. ಅವನು ಅದನ್ನು ಮೆಚ್ಚಿ ತನ್ನ ದೇಶಕ್ಕೆ ಬರೆದ ಕಾಗದದಲ್ಲಿ ಬರೆದಿಟ್ಟ.

ನಾವು ಹದಿನೇಳು ಜನ ಒಂದೇ ಜಾಗದಲ್ಲಿ ಮರೆತವರು ಸುಮ್ಮನೆ ಕೇಳಿದೆವು.

“ನನ್ನ ಶಾಲೇಲಿ ಕೊನೇ ವರ್ಷ ಮೂರೇ ಮಕ್ಕಳು” ಅಂದರು ಮೇಷ್ಟ್ರು, ಕೊಡೆ ಕೊಡವುತ್ತ. “ಊರಲ್ಲಿ ಮಕ್ಕಳೇ ಇಲ್ಲ, ಎಲ್ಲ ಶಿವಮೊಗ್ಗ, ಬೆಂಗಳೂರು. ಮೂವರಲ್ಲಿ ಇಬ್ಬರಿಗೆ ಜ್ವರ ಬಂದ್ರೆ ನಾನು ‘ತುಂಗಭ’ ಅಂತ ನಿಲ್ಲಿಸೋದು, ಒಬ್ಬನೇ ಪಾಪ ‘ದ್ರಾ’ ಅನ್ನೋದು. ನಾಚಿಕೆ ಆಗಿ ಮೆಲ್ಲಗೆ ಅಂತಿದ್ದ. ಮುಂದಿನ ವರ್ಷ ಬೀಗ ಬಿತ್ತು.” ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. ಇಲ್ಲದ ಸೀಮೆಸುಣ್ಣದ ಪುಡಿ.

ಇವರು ನನ್ನ ಕಡೆ ನೋಡಿದರು. ನಾನು ಮಳೆ ನೋಡಿದೆ. ನಮ್ಮ ಮಗನೂ ಬೆಂಗಳೂರಿನಲ್ಲೇ ಇರುವುದು.

ಆಮೇಲೆ ದೇವಗಂಗೆ. “ಇಲ್ಲೇ, ಒಂದು ಕೂಗಳತೆ” ಅಂದಿದ್ದರು. ಮಲೆನಾಡಿನ ‘ಇಲ್ಲೇ’ಯನ್ನು ನಂಬಿ ಹೊರಟವರು ಊಟದ ಹೊತ್ತಿಗೆ ಮನೆ ಸೇರಿದ್ದಿಲ್ಲ. ಆ ಕೂಗಳತೆಗೆ ಟಿ.ಟಿ. ಹತ್ತಿಯೇ ಹೋಗಬೇಕಾಯಿತು. ಕೂಗಿದವನ ಗಂಟಲು ಎಂಥದ್ದಿತ್ತೋ. ಕಲ್ಲು ಕಟ್ಟಿದ ಕೊಳಗಳು, ಒಂದೊಂದೂ ಒಂದೊಂದು ಆಕಾರ, ತಿಳಿ ನೀರು, ಸುತ್ತ ಕಾಡು. ಮೇಷ್ಟ್ರು ಅಲ್ಲಿ ಕೆಳದಿಯ ರಾಣಿ ಚೆನ್ನಮ್ಮನ ಕಥೆ ಹೇಳಿದರು. 1689ರಲ್ಲಿ ಔರಂಗಜೇಬನ ಕಣ್ಣು ತಪ್ಪಿಸಿ ಬಂದ ಶಿವಾಜಿಯ ಮಗ ರಾಜಾರಾಮನಿಗೆ ಜಾಗ ಕೊಟ್ಟವಳು. ಅವರು ಎಲ್ಲೆಲ್ಲಿ ನಿಲ್ಲಿಸಿದರೋ ಅಲ್ಲೆಲ್ಲ ನಾವು ಹದಿನೇಳು ಜನವೂ ಕೂಗಿದೆವು, ಬ್ಯಾಂಕ್ ಮ್ಯಾನೇಜರೂ ಸೇರಿ. ಕಾಡಿನಿಂದ ಅಕ್ಷರಗಳು ತಿರುಗಿ ಬರುತ್ತಿದ್ದವು. ಒಂದೂವರೆ ಗಂಟೆಯ ನಡಿಗೆ ಮುಗಿದಾಗ ಮಧ್ಯಾಹ್ನ ಎರಡೂ ಕಾಲು.

ಗೋಳಿಬಜೆ ತಿನ್ನಲು ಕೂತು ಬೂಟು ಬಿಚ್ಚಿದರೆ ಬಿಳಿ ಸಾಕ್ಸು ಕೆಂಪಾಗಿತ್ತು. ಒಳಗೆ ದ್ರಾಕ್ಷಿಯ ಹಾಗೆ ಊದಿದ ಉಂಬಳ, ತೃಪ್ತಿಯಿಂದ ಮಲಗಿತ್ತು. ಹೋಟೆಲಿನವರು ಉಪ್ಪು ತಂದು ಸುರಿದರು. ಅದು ಬಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ಹೆಪ್ಪುಗಟ್ಟದ ಹಾಗೆ ಅದರ ಎಂಜಲಿನಲ್ಲೇ ಔಷಧಿ ಇದೆಯಂತೆ. “ಹೆದರಬೇಡಿ, ನಿಲ್ತ…?” ಅಂದರು ಮೇಷ್ಟ್ರು.

“ದೆ!” ಅಂದರು ಇವರು, ನನ್ನ ರಕ್ತದ ಪರವಾಗಿ.

ಮೂರು ದಿನವಾದರೂ ಆ ಸಾಕ್ಸು ನಮ್ಮ ಬಚ್ಚಲಿನ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಇಬ್ಬರ ಜೋಡಿಯೂ. ಹೋಗೋಣ ಅಂತ ಹಠ ಹಿಡಿದದ್ದು ನಾನಲ್ಲ, ಹಾಗಾಗಿ ಒಗೆಯುವುದೂ ನಾನಲ್ಲ. ಈಗ ಸ್ವಲ್ಪ ಮೊದಲು ಹಾಲ್‌ಗೆ ಹೋಗಿ, ಮೊಬೈಲು ನೋಡುತ್ತಿದ್ದ ಇವರ ಎದುರು ನಿಂತು, ಹುಬ್ಬು ಮೇಲೇರಿಸಿ ಕೇಳಿದೆ:

“ಆ ಸಾಕ್ಸು ಒಗೆಯೋರು ಯಾ…?”

ಉತ್ತರವಿಲ್ಲ. ನಾನೂ ಬಿಡಲಿಲ್ಲ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಇವರು ಒಮ್ಮೆ ತಲೆ ಎತ್ತಿ ನೋಡಿದರು, ಬಾಯಿ ಅರ್ಧ ತೆರೆದರು, ಮತ್ತೆ ಮುಚ್ಚಿದರು.